ಗಂಡಭೇರುಂಡದ ಸ್ಪಿಟ್‌ಫೈರ್‌ಗೆ ಯಾವ ಎಂಜಿನ್, ಎಷ್ಟು ಗನ್?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಒಂದು ಸ್ಕ್ವಾಡ್ರನ್‌ಗೆ ಮೈಸೂರು ಅಂತ ಹೆಸರಿತ್ತು, ಲಾಂಛನ ಗಂಡಭೇರುಂಡ ಅಂತ ನಮ್ಮ ತಾತ ಹೇಳುತ್ತಿದ್ದರು. ಕಾಲೇಜಿನ ಪ್ರದರ್ಶನಕ್ಕೆ ಅದರ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ ಮಾಡಬೇಕು ಅಂತಿದ್ದೇನೆ. ಮಾಡುವುದಾದರೆ ಚೆನ್ನಾಗಿರುವುದನ್ನೇ ಮಾಡೋಣ ಅಂತ ಆಮೇಲೆ ಬಂದ ದೊಡ್ಡ ಗ್ರಿಫನ್ ಎಂಜಿನ್, ಐದು ಬ್ಲೇಡಿನ ಪ್ರೊಪೆಲ್ಲರ್, ನಾಲ್ಕು ಕ್ಯಾನನ್ (ಸಿಡಿಯುವ ದೊಡ್ಡ ಗುಂಡಿನ ಗನ್) ಹಾಕುವ ಯೋಚನೆ. ಗೆಳೆಯ ಮಾತ್ರ "ಅದು ಸುಳ್ಳು ವಿಮಾನ ಆಗುತ್ತೆ" ಅನ್ನುತ್ತಾನೆ. ನನಗೆ ಅರ್ಥವಾಗದ್ದು ಇದು: ದೊಡ್ಡ ಎಂಜಿನ್, ಜಾಸ್ತಿ ಗನ್ ಹಾಕಿದರೆ ಆಯಿತಲ್ಲ, 1940ರಲ್ಲೇ ಯಾಕೆ ಹಾಕಲಿಲ್ಲ? ಆಗ ಅದಕ್ಕಿದ್ದ ಮೆರ್ಲಿನ್ ಎಂಜಿನ್, ವಿಮಾನ ಡೈವ್ ಹೊಡೆದರೆ ನಿಂತೇ ಹೋಗುತ್ತಿತ್ತಂತೆ. ಅಂಥದ್ದನ್ನು ಯಾಕೆ ಇಟ್ಟುಕೊಂಡಿದ್ದರು? ತೀರ್ಪುಗಾರರು ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ತಾತ ಹೇಳಿದ್ದು ನಿಜ. 129ನೇ ಮೈಸೂರು ಸ್ಕ್ವಾಡ್ರನ್ 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಶುರುವಾಯಿತು. ಯುದ್ಧ ನಿಧಿಗೆ ಮೈಸೂರು ಕೊಟ್ಟ ದೇಣಿಗೆಗಾಗಿ ಆ ಹೆಸರು ಬಂತು. ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡವೇ, ಇವತ್ತು ಸರ್ಕಾರಿ ಕಾಗದದ ಮೇಲೆ ನೋಡುತ್ತೀವಲ್ಲ, ಅದೇ. ಹಾಗಂತ ಪೈಲಟ್‌ಗಳು ಮೈಸೂರಿನವರು ಅಂದುಕೊಳ್ಳಬೇಡಿ. ದುಡ್ಡು, ಹೆಸರು, ಹಕ್ಕಿ ನಮ್ಮದು. ಹಾರಿಸಿದವರು ಬೇರೆ.

ನಿಮ್ಮ ಗೆಳೆಯ ಹೇಳಿದ್ದೂ ನಿಜ. ಈ ಸ್ಕ್ವಾಡ್ರನ್ ಗ್ರಿಫನ್ ಎಂಜಿನ್ನಿನ ಸ್ಪಿಟ್‌ಫೈರ್ ಹಾರಿಸಲೇ ಇಲ್ಲ. ಆದರೆ ನೀವು ಕೇಳಿದ "ಯಾಕೆ ಹಾಕಲಿಲ್ಲ" ಒಳ್ಳೆಯ ಪ್ರಶ್ನೆ. ಪಿಸ್ಟನ್ ಎಂಜಿನ್ ಓವರ್‌ಹಾಲ್ ಕೆಲಸದಲ್ಲಿ ಕೈ ಕಪ್ಪು ಮಾಡಿಕೊಂಡವನಾಗಿ ಅದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ.

ನಿಮ್ಮ ಕಡೆ ಬೋರ್‌ವೆಲ್ ನೋಡಿರುತ್ತೀರಿ. 5 ಎಚ್‌ಪಿ ಮೋಟಾರ್ ತೆಗೆದು 10 ಎಚ್‌ಪಿ ಇಳಿಸಿದರೆ ನೀರು ಎರಡರಷ್ಟು ಬರುತ್ತದಾ? ಕೇಬಲ್ ಬಿಸಿಯಾಗುತ್ತದೆ, ಸ್ಟಾರ್ಟರ್ ಸುಡುತ್ತದೆ, ಪಂಪು ಹಳೆಯದೇ ಆದರೆ ಮೋಟಾರಿನ ಶಕ್ತಿ ಸುಮ್ನೆ ದಂಡ. ವಿಮಾನದಲ್ಲೂ ಇದೇ ಕಥೆ. ಎಂಜಿನ್ ಶಕ್ತಿಯನ್ನು ಗಾಳಿಗೆ ದಾಟಿಸುವುದು ಪ್ರೊಪೆಲ್ಲರ್. ಶಕ್ತಿ ಹೆಚ್ಚಿದರೆ ಅದನ್ನು ಉದ್ದ ಮಾಡಬೇಕು, ಆದರೆ ತುಂಬಾ ಉದ್ದವಾದರೆ ನೆಲಕ್ಕೆ ತಗಲುತ್ತದೆ. ಹಾಗಾಗಿ ಬ್ಲೇಡ್ ಹೆಚ್ಚಿಸುತ್ತಾ ಹೋದರು. ಮೊದಲ ಸ್ಪಿಟ್‌ಫೈರ್‌ಗಳಿಗೆ ಎರಡು ಬ್ಲೇಡಿನ ಮರದ ಪ್ರೊಪೆಲ್ಲರ್. ಆಮೇಲೆ ಮೂರು, ಮಾರ್ಕ್ 9ಕ್ಕೆ ನಾಲ್ಕು, ಮಾರ್ಕ್ 14ಕ್ಕೆ ಐದು (ಮಾರ್ಕ್ ಅಂದರೆ ವಿಮಾನದ ಆವೃತ್ತಿ). ಮೂತಿಯಲ್ಲಿ ಬ್ಲೇಡ್ ಎಣಿಸಿದರೆ ಒಳಗೆ ಎಷ್ಟು ಶಕ್ತಿ ಇದೆ ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು.

ಮೊದಲು ಡೈವ್ ವಿಷಯ ಮುಗಿಸೋಣ. ಇದು ಅರ್ಧ ನಿಜ. ಮೆರ್ಲಿನ್‌ಗೆ ಇದ್ದದ್ದು ಹಳೆಯ ಬೈಕಿನಲ್ಲಿ ಇರುವಂಥ ಫ್ಲೋಟ್ ಕಾರ್ಬುರೇಟರ್. ಪೈಲಟ್ ಕೋಲನ್ನು ಜೋರಾಗಿ ಮುಂದಕ್ಕೆ ಒತ್ತಿದರೆ ಪೆಟ್ರೋಲ್ ಫ್ಲೋಟ್ ಚೇಂಬರಿನ ಮೇಲ್ಭಾಗಕ್ಕೆ ನೆಗೆಯುತ್ತಿತ್ತು. ಒಂದು ಕ್ಷಣ ಜೆಟ್‌ಗೆ ಪೆಟ್ರೋಲ್ ಇಲ್ಲ, ಎಂಜಿನ್ ಕೆಮ್ಮುತ್ತಿತ್ತು. ಮರುಕ್ಷಣ ಫ್ಲೋಟ್ ಲೆಕ್ಕ ತಪ್ಪಿ ಪೆಟ್ರೋಲ್ ವಿಪರೀತ ನುಗ್ಗಿ, ಕಪ್ಪು ಹೊಗೆ ಬಂದು ಮತ್ತೆ ಸೊರಗುತ್ತಿತ್ತು. ಜರ್ಮನ್ ಮೆಸ್ಸರ್‌ಶ್ಮಿಟ್ 109ಕ್ಕೆ ಪೆಟ್ರೋಲ್ ಇಂಜೆಕ್ಷನ್ ಇತ್ತು, ಅದು ನೇರವಾಗಿ ಮೂಗು ಬಗ್ಗಿಸಿ ತಪ್ಪಿಸಿಕೊಳ್ಳುತ್ತಿತ್ತು. ಸ್ಪಿಟ್‌ಫೈರ್ ಪೈಲಟ್ ವಿಮಾನವನ್ನು ಮಗುಚಿಕೊಂಡು ಆಮೇಲೆ ಡೈವ್ ಮಾಡಬೇಕಿತ್ತು.

ಆದರೆ ರೋಲ್ಸ್‌ರಾಯ್ಸ್ ಎಂಜಿನಿಯರ್‌ಗಳು ದಡ್ಡರಾಗಿ ಕಾರ್ಬುರೇಟರ್ ಇಟ್ಟುಕೊಂಡಿರಲಿಲ್ಲ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಹೋಗುವ ಗಾಳಿ ತಣ್ಣಗಾಗುತ್ತದೆ. ಕೈ ಮೇಲೆ ಪೆಟ್ರೋಲ್ ಬಿದ್ದಾಗ ಚಳಿ ಅನಿಸುತ್ತದಲ್ಲ, ಹಾಗೆ. ತಣ್ಣನೆ ಗಾಳಿ ಅಂದರೆ ಹೆಚ್ಚು ಗಾಳಿ, ಹೆಚ್ಚು ಶಕ್ತಿ. ತಿಳಿದೇ ಮಾಡಿಕೊಂಡ ವ್ಯಾಪಾರ ಅದು. 1941ರ ಮೊದಲ ತಿಂಗಳುಗಳಲ್ಲಿ ಫಾರ್ನ್‌ಬರೋದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಪೆಟ್ರೋಲ್ ದಾರಿಯಲ್ಲಿ ಒಂದು ಸಣ್ಣ ತೂತಿನ ಬಿಲ್ಲೆ ಕೂರಿಸಿದರು. ಪೂರ್ತಿ ಶಕ್ತಿಗೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಹೋಗುತ್ತಿತ್ತು, ನೆರೆ ಬರುತ್ತಿರಲಿಲ್ಲ. ವಿಮಾನವನ್ನು ಸೇವೆಯಿಂದ ತೆಗೆಯದೆ, ಏರ್‌ಫೀಲ್ಡ್‌ನಲ್ಲೇ ಹಾಕಿ ಮುಗಿಸಬಹುದಿತ್ತು. ಈಕೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ನಾರ್ಟನ್ ಬೈಕ್ ರೇಸ್ ಓಡಿಸುತ್ತಿದ್ದವರು. ನಿಮ್ಮ ಪ್ರದರ್ಶನದಲ್ಲಿ ಇವರ ಹೆಸರಿಗೆ ಒಂದು ಸಾಲು ಜಾಗ ಕೊಡಿ. ಒಂದು ಬಿಲ್ಲೆಯಿಂದ ಇಷ್ಟು ಉಪಕಾರ ಮಾಡಿದವರು ನನಗೆ ಇನ್ನೊಬ್ಬರು ಗೊತ್ತಿಲ್ಲ.

1940ರಲ್ಲಿ ಎಂಜಿನ್ನೇ ಬದಲಾಯಿಸದೆ ಶಕ್ತಿ ಹೆಚ್ಚಿಸಿದ್ದೂ ಉಂಟು. ಬದಲಾದದ್ದು ಪೆಟ್ರೋಲ್. ಹಿಂದಿನ 87 ಆಕ್ಟೇನ್ ಬದಲು 100 ಆಕ್ಟೇನ್ ಬಂತು. ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಭಯ ಕಡಿಮೆಯಾದ್ದರಿಂದ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್‌ನ ಒತ್ತಡವನ್ನು ಆರೂಕಾಲು ಪೌಂಡಿನಿಂದ 12 ಪೌಂಡಿಗೆ ಏರಿಸಬಹುದಾಯಿತು. ಸುಮಾರು 1,030 ಎಚ್‌ಪಿ ಮೆರ್ಲಿನ್ ಕೆಳಮಟ್ಟದಲ್ಲಿ 1,300 ಎಚ್‌ಪಿ ದಾಟಿತು. ಆದರೆ 5 ನಿಮಿಷ ಮಾತ್ರ. ಬಳಸಿದ ಪೈಲಟ್ ಇಳಿದ ಮೇಲೆ ಹೇಳಬೇಕು, ಎಂಜಿನ್ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಈ ಬರವಣಿಗೆ ಎಷ್ಟು ಮುಖ್ಯ ಅಂತ ಬೇರಿಂಗ್ ಬಿಚ್ಚಿ ನೋಡಿದವರಿಗೇ ಗೊತ್ತು. ಎಂಜಿನ್ ಯಾವಾಗ ಬೆವರಿತ್ತು ಅಂತ ತಿಳಿಯದಿದ್ದರೆ ಯಾವಾಗ ಬಿಚ್ಚಬೇಕು ಅಂತಲೂ ತಿಳಿಯುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1941ರ ಕೊನೆಗೆ. ಆಗ ನಮ್ಮ ಮೈಸೂರು ಸ್ಕ್ವಾಡ್ರನ್ನಿನವರು ಹಾರಿಸುತ್ತಿದ್ದದ್ದು ಮಾರ್ಕ್ 5, ಮೆರ್ಲಿನ್ 45 ಎಂಜಿನ್. ಎದುರಿಗೆ ಬಂದದ್ದು ಜರ್ಮನ್ನರ ಫೋಕ್‌ವುಲ್ಫ್ 190. ಬಹುತೇಕ ಎಲ್ಲ ಎತ್ತರದಲ್ಲೂ ಮಾರ್ಕ್ 5ಕ್ಕಿಂತ ಗಂಟೆಗೆ 30-50 ಕಿ.ಮೀ. ವೇಗ, ಉರುಳುವುದರಲ್ಲಂತೂ (ರೆಕ್ಕೆ ಓರೆ ಮಾಡಿ ಮಗ್ಗುಲಾಗುವುದರಲ್ಲಿ) ಹೋಲಿಕೆಯೇ ಇಲ್ಲ. 1942ರ ಜೂನ್‌ನಲ್ಲಿ ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ದಾರಿ ತಪ್ಪಿ ವೇಲ್ಸ್‌ನ ಪೆಂಬ್ರಿ ಏರ್‌ಫೀಲ್ಡ್ ಅನ್ನು ತಮ್ಮದೇ ಅಂದುಕೊಂಡು ಇಳಿದುಬಿಟ್ಟ. ಇಡೀ ವಿಮಾನ ಕೈಗೆ ಸಿಕ್ಕಿತು. ಹಾರಿಸಿ ಅಳೆದಾಗ ಪೈಲಟ್‌ಗಳ ದೂರು ಸುಳ್ಳಲ್ಲ ಅಂತ ಗೊತ್ತಾಯಿತು.

ಆಗ ಬ್ರಿಟಿಷರ ಮುಂದೆ ಮೂರು ದಾರಿ ಇದ್ದವು. ತೀರ್ಪುಗಾರರ ಮುಂದೆ ನೀವು ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ ಅಂತ ನನಗನಿಸುತ್ತದೆ.

ಒಂದು, ಇರುವ ಮಾರ್ಕ್ 5ನ್ನೇ ತಿದ್ದುವುದು. ಸೂಪರ್‌ಚಾರ್ಜರ್‌ನ ಚಕ್ರವನ್ನು ಸ್ವಲ್ಪ ಕತ್ತರಿಸಿ ಚಿಕ್ಕದು ಮಾಡಿದರೆ ಕೆಳಮಟ್ಟದಲ್ಲಿ ಶಕ್ತಿ ಉಳಿಯುತ್ತದೆ. ರೆಕ್ಕೆ ತುದಿ ಕತ್ತರಿಸಿದರೆ ಬೇಗ ಉರುಳುತ್ತದೆ. ಎರಡನ್ನೂ ಮಾಡಿದರು. ಅಗ್ಗದ ಕೆಲಸ, ಬೇಗ ಆಗುತ್ತದೆ. ಆದರೆ 6 ಕಿ.ಮೀ. ಮೇಲೆ ಹೋದರೆ ಈ ವಿಮಾನಕ್ಕೆ ಉಸಿರೇ ಇಲ್ಲ. ಸವೆದ ವಿಮಾನಗಳಿಗೇ ಈ ಕತ್ತರಿ ಹಾಕುತ್ತಿದ್ದರಿಂದ ಪೈಲಟ್‌ಗಳು ಅವಕ್ಕೆ ತಮಾಷೆಯ ಅಡ್ಡಹೆಸರನ್ನೂ ಇಟ್ಟಿದ್ದರು: ರೆಕ್ಕೆಗೂ ಕತ್ತರಿ, ಚಕ್ರಕ್ಕೂ ಕತ್ತರಿ, ಮೈಯೆಲ್ಲ ಲಟಾರಿ ಅನ್ನುವ ಅರ್ಥದ್ದು.

ಎರಡನೆಯದು, ಹೊಸ ಎಂಜಿನ್‌ಗೆ ತಕ್ಕ ಹಾಗೆ ವಿಮಾನವನ್ನೇ ಸರಿಯಾಗಿ ಮತ್ತೆ ರೂಪಿಸುವುದು. ಅದೇ ಮಾರ್ಕ್ 8. ಗಟ್ಟಿ ಮೈ, ರೆಕ್ಕೆಯಲ್ಲೂ ಪೆಟ್ರೋಲ್ ಟ್ಯಾಂಕ್, ಒಳಗೆ ಮಡಚಿಕೊಳ್ಳುವ ಹಿಂಬದಿ ಚಕ್ರ. ಎಲ್ಲ ಚೆಂದ, ಆದರೆ ಬರುವುದು ತಡ. ಕಾರ್ಖಾನೆಯಲ್ಲಿ ಜಿಗ್ (ಭಾಗಗಳನ್ನು ಹಿಡಿದು ಜೋಡಿಸುವ ಚೌಕಟ್ಟು) ಬದಲಾಯಿಸಿದಷ್ಟು ದಿನ ವಿಮಾನ ಹೊರಗೆ ಬರುವುದಿಲ್ಲ. ಸೌತಾಂಪ್ಟನ್ ಕಾರ್ಖಾನೆ ಮೇಲೆ 1940ರ ಸೆಪ್ಟೆಂಬರ್‌ನಲ್ಲಿ ಬಾಂಬು ಬಿದ್ದ ಮೇಲೆ ಕೆಲಸವನ್ನು ಗ್ಯಾರೇಜು, ಬಸ್ ಡಿಪೋ, ಲಾಂಡ್ರಿಗಳಿಗೆಲ್ಲ ಹಂಚಿದ್ದರು. ಅಷ್ಟು ಕಡೆ ಒಟ್ಟಿಗೆ ಬದಲಾವಣೆ ತರುವುದು ಹುಡುಗಾಟವಲ್ಲ.

ಮೂರನೆಯದು, ಮಾರ್ಕ್ 5ರ ಮೈಗೇ ಹೊಸ ಮೆರ್ಲಿನ್ 61 ಎಂಜಿನ್ ಕೂರಿಸಿಬಿಡುವುದು. ಈ ಎಂಜಿನ್ ಹುಟ್ಟಿದ್ದು ಸ್ಪಿಟ್‌ಫೈರ್‌ಗಾಗಿ ಅಲ್ಲ, ತೀರಾ ಎತ್ತರದಲ್ಲಿ ಹಾರುವ ವೆಲಿಂಗ್ಟನ್ ಬಾಂಬರ್‌ಗಾಗಿ. ಅದನ್ನು ಸ್ಪಿಟ್‌ಫೈರ್‌ನಲ್ಲಿ ಹಾಕಿ ನೋಡುವ ಯೋಚನೆ ರೋಲ್ಸ್‌ರಾಯ್ಸ್‌ನ ಮುಖ್ಯಸ್ಥ ಅರ್ನೆಸ್ಟ್ ಹೈವ್ಸ್ ಅವರದು.

ಇದರ ಒಳಗುಟ್ಟು ಬೈಕಿನಲ್ಲಿ ಲಡಾಖ್‌ಗೆ ಹೋಗಿ ಬಂದವರಿಗೆ ಬೇಗ ತಿಳಿಯುತ್ತದೆ. ಖರ್ದುಂಗ್ ಲಾ ಹತ್ತುವಾಗ ಕಾರ್ಬುರೇಟರ್ ಬೈಕ್ ಏದುಸಿರು ಬಿಡುತ್ತದೆ, ಏಕೆಂದರೆ ಗಾಳಿ ತೆಳು. 6-7 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ. ಸ್ಟ್ಯಾನ್ಲಿ ಹೂಕರ್ ಅವರ ತಂಡ ಒಂದರ ಹಿಂದೆ ಇನ್ನೊಂದು, ಹೀಗೆ ಎರಡು ಹಂತದಲ್ಲಿ ಒತ್ತುವಂತೆ ಮಾಡಿತು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿ. ಅಷ್ಟು ಬಿಸಿ ಗಾಳಿ ಒಳಗೆ ಹೋದರೆ ನಾಕಿಂಗ್ ಆಗಿ ಪಿಸ್ಟನ್ ತೂತು ಬೀಳುತ್ತದೆ. ಹಾಗಾಗಿ ನಡುವೆ ಒಂದು ಇಂಟರ್‌ಕೂಲರ್, ಆ ಇಂಟರ್‌ಕೂಲರ್ ನೀರಿಗೆ ಇನ್ನೊಂದು ರೇಡಿಯೇಟರ್. ಎಂಜಿನ್ ಉದ್ದವಾಗಿ ವಿಮಾನದ ಮೂತಿ ಸುಮಾರು ಒಂದು ಗೇಣು ಮುಂದೆ ಬಂತು. ಮೇಲೆ ಹೇಳಿದ ನಾಲ್ಕನೇ ಬ್ಲೇಡ್ ಬಂದದ್ದೂ ಇದರಿಂದಲೇ.

ಮಾರ್ಕ್ 9 ಅಂತ ಹೆಸರಿಟ್ಟ ಈ ಕಸಿ 1942ರ ಜುಲೈನಲ್ಲಿ ಯುದ್ಧಕ್ಕೆ ಇಳಿಯಿತು. 30,000 ಅಡಿಯಲ್ಲಿ ಹಳೆಯ ಮೆರ್ಲಿನ್ 45ಕ್ಕಿಂತ 300 ಎಚ್‌ಪಿ ಜಾಸ್ತಿ, ವೇಗದಲ್ಲಿ ಗಂಟೆಗೆ 110 ಕಿ.ಮೀ. ಹತ್ತಿರ ಮುನ್ನಡೆ. ಅದನ್ನು ಮಾರ್ಕ್ 8 ಬರುವ ತನಕ ಮಾತ್ರ ಅಂತ ಮಾಡಿದ್ದು. ಆದರೆ 5,500ಕ್ಕೂ ಹೆಚ್ಚು ಕಟ್ಟಿದರು! ಮಾರ್ಕ್ 5 ಕೂಡ ಹೀಗೇ ತಾತ್ಕಾಲಿಕ ಅಂತ ಬಂದು ಎಲ್ಲಕ್ಕಿಂತ ಹೆಚ್ಚು ತಯಾರಾದದ್ದು. ಸರಿಯಾಗಿ ರೂಪಿಸಿದ ಮಾರ್ಕ್ 8 ಬಹುಪಾಲು ಮೆಡಿಟರೇನಿಯನ್ ಮತ್ತು ಬರ್ಮಾ ಕಡೆ ಹೋಯಿತು. ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ ಬರ್ಮಾದಲ್ಲಿ ಹಾರಿಸಿದ್ದು ಅದನ್ನೇ. ಮೂರನೇ ದಾರಿಯ ನಷ್ಟ ಏನು ಅಂದರೆ ಪೆಟ್ರೋಲ್. ಎಂಜಿನ್ ಹಸಿವು ಹೆಚ್ಚಿತು, ಪೈಲಟ್ ಮುಂದಿನ ಟ್ಯಾಂಕ್ ಮಾತ್ರ ಅದೇ 85 ಗ್ಯಾಲನ್, ಅಂದರೆ 390 ಲೀಟರ್‌ಗೂ ಕಡಿಮೆ. ಬರ್ಲಿನ್ ತನಕ ಹೋಗಿಬರುವ ಮಾತೇ ಇಲ್ಲ.

ಇನ್ನು ಗನ್. ಇಲ್ಲಿ ನಿಮ್ಮ ಲೆಕ್ಕ ಹೆಚ್ಚು ತಪ್ಪುತ್ತದೆ.

ಮಾರ್ಕ್ 1ಕ್ಕೆ 7.7 ಮಿ.ಮೀ. ಬ್ರೌನಿಂಗ್ ಮಷಿನ್ ಗನ್ ಎಂಟು. ಒಂದೊಂದಕ್ಕೆ 300 ಗುಂಡು. ಒತ್ತಿಹಿಡಿದರೆ ಸುಮಾರು 15 ಸೆಕೆಂಡ್‌ನಲ್ಲಿ ಖಾಲಿ. ಒಂದು ಗುಂಡಿನ ತೂಕ 11 ಗ್ರಾಂ. 1940ರ ಹೊತ್ತಿಗೆ ಜರ್ಮನ್ ವಿಮಾನಗಳಿಗೆ ಉಕ್ಕಿನ ತಗಡು, ತಾನೇ ತೂತು ಮುಚ್ಚಿಕೊಳ್ಳುವ ಟ್ಯಾಂಕ್ ಬಂದಿದ್ದವು. ಆ ಗುಂಡುಗಳು ಸಾಲದಾದವು. 20 ಮಿ.ಮೀ. ಹಿಸ್ಪಾನೊ ಕ್ಯಾನನ್ನಿನ ಗುಂಡು 130 ಗ್ರಾಂ, ಅದೂ ಒಳಗೆ ಸಿಡಿಮದ್ದು. ಹಾಗಾದರೆ ಅದನ್ನೇ ಹಾಕಬಹುದಿತ್ತಲ್ಲ ಅಂತೀರಿ. ಹಾಕಿದರು! 1940ರ ಬೇಸಿಗೆಯಲ್ಲಿ 19ನೇ ಸ್ಕ್ವಾಡ್ರನ್‌ಗೆ ಎರಡು ಕ್ಯಾನನ್ನಿನ ಸ್ಪಿಟ್‌ಫೈರ್ ಕೊಟ್ಟರು. ಕಾಳಗದ ನಡುವೆ ಗನ್ ಜಾಮ್. ಕೊನೆಗೆ ಅವರು ಹಳೆಯ ಎಂಟು ಮಷಿನ್ ಗನ್ನಿನ ವಿಮಾನಗಳನ್ನೇ ವಾಪಸ್ ಕೇಳಿ ಪಡೆದರು.

ಕಾರಣ ಹೀಗಿದೆ. ಹಿಸ್ಪಾನೊ ರೂಪುಗೊಂಡದ್ದು ಎಂಜಿನ್ನಿನ ಎರಡು ಸಿಲಿಂಡರ್ ಸಾಲಿನ ನಡುವೆ ಬಿಗಿಯಾಗಿ ಕೂರಲು. ಅಲ್ಲಿ ನೂರಾರು ಕಿಲೋ ಲೋಹ ಅದನ್ನು ಅಲುಗಾಡದ ಹಾಗೆ ಹಿಡಿದಿರುತ್ತದೆ. ಸ್ಪಿಟ್‌ಫೈರ್ ರೆಕ್ಕೆ ತೆಳು, ತಿರುವಿನಲ್ಲಿ ಬಾಗುತ್ತದೆ. 60 ಗುಂಡಿನ ಡ್ರಮ್ ರೆಕ್ಕೆಯೊಳಗೆ ಹಿಡಿಸಲಿ ಅಂತ ಗನ್ನನ್ನೇ ಪಕ್ಕಕ್ಕೆ ಮಲಗಿಸಿದ್ದರು. ಖಾಲಿ ತೋಟಾ ಹೊರಬೀಳುವ ದಾರಿ ಕೆಟ್ಟಿತು, ಸಿಕ್ಕಿಕೊಂಡಿತು. ಒಂದು ಕಡೆ ಗನ್ ನಿಂತು ಇನ್ನೊಂದು ಕಡೆಯದು ಹೊಡೆಯುತ್ತಿದ್ದರೆ ವಿಮಾನದ ಮೂತಿ ಪಕ್ಕಕ್ಕೆ ಎಳೆಯುತ್ತದೆ, ಗುರಿ ಹೋಯಿತು. ಮಾರ್ಕ್ 5ಬಿಯಲ್ಲಿ ಗನ್ ನೆಟ್ಟಗೆ ನಿಲ್ಲಿಸಿ, ಡ್ರಮ್‌ಗೆ ಜಾಗ ಮಾಡಲು ರೆಕ್ಕೆ ಮೇಲೆ ಒಂದು ಉಬ್ಬು ಕೊಟ್ಟರು. ಜೊತೆಗೆ ನಾಲ್ಕು ಮಷಿನ್ ಗನ್ ಉಳಿಸಿಕೊಂಡರು. 60 ಗುಂಡು ಅಂದರೆ ಆರೇ ಸೆಕೆಂಡ್, ಆಮೇಲೆ ಏನಾದರೂ ಇರಬೇಕಲ್ಲ. ಡ್ರಮ್ ಬದಲು ಗುಂಡುಗಳನ್ನು ಪಟ್ಟಿಯಲ್ಲಿ ಸಾಲಾಗಿ ಉಣಿಸುವ ಬೆಲ್ಟ್ ಫೀಡ್ ಬಂದ ಮೇಲೆ 120 ಗುಂಡು ಆಯಿತು.

ನಾಲ್ಕು ಕ್ಯಾನನ್ ಹಾಕುವ ರೆಕ್ಕೆಯೂ ಬಂತು, ಅದಕ್ಕೆ ಸಿ ರೆಕ್ಕೆ ಅಂತಾರೆ. ಒಂದು ಹಿಸ್ಪಾನೊ 50 ಕಿಲೋ, 120 ಗುಂಡಿನ ತೂಕ 30 ಕಿಲೋ. ಎರಡು ಹೆಚ್ಚಿಗೆ ಹಾಕಿದರೆ 160 ಕಿಲೋ, ಇಬ್ಬರು ದಪ್ಪ ಮನುಷ್ಯರನ್ನು ರೆಕ್ಕೆ ಮೇಲೆ ಕೂರಿಸಿಕೊಂಡು ಹಾರಿದ ಹಾಗೆ. ಏರುವುದು ನಿಧಾನ, ಉರುಳುವುದು ನಿಧಾನ. 1942ರಲ್ಲಿ ಮಾಲ್ಟಾಕ್ಕೆ ನಾಲ್ಕು ಕ್ಯಾನನ್ನಿನ ಸ್ಪಿಟ್‌ಫೈರ್‌ಗಳು ಹೋದಾಗ ಅಲ್ಲಿನವರು ಎರಡನ್ನು ಕಿತ್ತುಹಾಕಿದರು. ನನ್ನ ಅಭಿಪ್ರಾಯ ಕೇಳಿದರೆ ಸ್ಪಿಟ್‌ಫೈರ್‌ಗೆ ಒಪ್ಪುವ ಲೆಕ್ಕ ಎರಡೇ ಕ್ಯಾನನ್.

ಗ್ರಿಫನ್ ವಿಷಯಕ್ಕೆ ಬರೋಣ. ಅದು 1939ರ ಕೊನೆಗೇ ಟೆಸ್ಟ್ ಬೆಡ್ ಮೇಲೆ ಓಡಿತ್ತು. ಆದರೆ 1940ರಲ್ಲಿ ಬ್ರಿಟನ್‌ಗೆ ಬೇಕಿದ್ದದ್ದು ಇವತ್ತು ಹಾರುವ ವಿಮಾನ. ಹೊಸ ಎಂಜಿನ್ ಬದಿಗಿಟ್ಟು ಮೆರ್ಲಿನ್ ಮೇಲೆ ಗಮನ ಕೊಟ್ಟರು. ಮೆರ್ಲಿನ್ 27 ಲೀಟರ್, ಗ್ರಿಫನ್ 36.7 ಲೀಟರ್. 1944ರಲ್ಲಿ ಬಂದ ಮಾರ್ಕ್ 14ರಲ್ಲಿ ಅದು 2,000 ಎಚ್‌ಪಿ ದಾಟಿತು, ವೇಗ ಗಂಟೆಗೆ 720 ಕಿ.ಮೀ. ಮಾರ್ಕ್ 1ರದು 580ರ ಆಸುಪಾಸು. ಆದರೆ ಬಿಲ್ ಎಲ್ಲಿ ಬಂತು ನೋಡಿ. ರೆಕ್ಕೆಯ ವಿಸ್ತೀರ್ಣ ಹೆಚ್ಚುಕಡಿಮೆ ಅದೇ 22.5 ಚದರ ಮೀಟರ್. ವಿಮಾನದ ತೂಕ ಮಾತ್ರ ಸುಮಾರು 2,700 ಕಿಲೋದಿಂದ 3,850 ಕಿಲೋಗೆ ಏರಿತು. ಒಂದು ಚದರ ಮೀಟರ್ ರೆಕ್ಕೆ 120 ಕಿಲೋ ಹೊರುತ್ತಿದ್ದದ್ದು ಈಗ 170 ಹೊರಬೇಕು. ಗ್ರಿಫನ್ ತಿರುಗುವುದೂ ಮೆರ್ಲಿನ್‌ಗೆ ಉಲ್ಟಾ. ಮೆರ್ಲಿನ್ ವಿಮಾನ ಟೇಕ್ ಆಫ್‌ನಲ್ಲಿ ಎಡಕ್ಕೆ ಎಳೆಯುತ್ತಿತ್ತು, ಇದು ಬಲಕ್ಕೆ. ವರ್ಷಗಟ್ಟಲೆ ಒಂದು ಕಾಲು ಒತ್ತಿ ರೂಢಿಯಾದ ಪೈಲಟ್ ಗ್ರಿಫನ್ ವಿಮಾನದಲ್ಲೂ ಅದನ್ನೇ ಒತ್ತಿದರೆ ರನ್‌ವೇ ಬಿಟ್ಟು ಹುಲ್ಲಿಗೆ.

ಭಾರದ ಎಂಜಿನ್ ಮೂತಿಗೆ ಬಂದರೆ ಬಾಲವೂ ಬದಲಾಗಬೇಕು. ಬಾಲದ ನಿಂತ ರೆಕ್ಕೆ, ರಡ್ಡರ್ ಎರಡೂ ದೊಡ್ಡವಾದವು. ಈ ಸಮತೋಲನದ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು ಒಂದಿದೆ. ಒಂದು ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ವಿಮಾನದಲ್ಲಿ ರೇಡಿಯೋ ಬದಲಾಯಿಸಿ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ್ದರು. ಕೆಲವೇ ಕಿಲೋ ಅಂತ ಮತ್ತೆ ತೂಗಿರಲಿಲ್ಲ. ಇಳಿಯುವಾಗ ಮೂತಿ ತಾನಾಗಿ ಏಳುತ್ತದೆ ಅಂತ ಪೈಲಟ್ ದೂರು. ನಾವು ಮೂರು ಜ್ಯಾಕ್ ಮೇಲೆ ನಿಲ್ಲಿಸಿ ತೂಗಿದಾಗ ಭಾರಕೇಂದ್ರ ಹಿಂದಿನ ಮಿತಿಯ ಅಂಚಿನಲ್ಲಿತ್ತು. ಒಂದು ಬ್ಯಾಟರಿಗೇ ಹೀಗಾದರೆ ಇಡೀ ಎಂಜಿನ್ ಬದಲಾಯಿಸಿದರೆ? ಮಾರ್ಕ್ 5ರಲ್ಲೇ ಸಾಮಾನು ಸೇರಿ ಸೇರಿ ಸಮತೋಲನ ಕೆಟ್ಟು, ಮೂತಿ ಮೇಲೆ ಕೆಳಗೆ ಮಾಡುವ ಎಲಿವೇಟರ್ ಕಂಟ್ರೋಲ್‌ಗೆ ಒಂದು ಲೋಹದ ತೂಕ ಕಟ್ಟಬೇಕಾಯಿತು. ತಪ್ಪಾಗಿ ಸಾಮಾನು ತುಂಬಿದ್ದರೆ ತಿರುವಿನಲ್ಲಿ ವಿಮಾನ ತಾನೇ ಬಿಗಿಯಾಗುತ್ತಾ ಹೋಗಿ ರೆಕ್ಕೆ ಮುರಿಯುವ ಅಪಾಯವಿತ್ತು.

ಈಗ ನಿಮ್ಮ ಮಾದರಿ. ಮೈಸೂರು ಸ್ಕ್ವಾಡ್ರನ್ನಿಗೆ ನಿಷ್ಠವಾಗಿರಬೇಕಾದರೆ ಮೂರು ಆಯ್ಕೆ.

ಮಾರ್ಕ್ 5ಬಿ ಮಾಡಿದರೆ 1942ರ ಆಗಸ್ಟ್‌ನಲ್ಲಿ ಫ್ರಾನ್ಸ್ ಕರಾವಳಿಯ ಡಿಯೆಪ್ ಮೇಲೆ ನಡೆದ ದಾಳಿಯ ವಿಮಾನವಾಗುತ್ತದೆ, ಅಲ್ಲಿ 129ನೇ ಸ್ಕ್ವಾಡ್ರನ್ ಪಾಲ್ಗೊಂಡಿತ್ತು. ಕಿಟ್ ಸುಲಭವಾಗಿ ಸಿಗುತ್ತದೆ. ನನ್ನ ಓಟು ಇದಕ್ಕೆ. ಮಾರ್ಕ್ 9 ಅವರಿಗೆ ಬಂದದ್ದು 1943ರ ನಡುವಿಗೆ. ಎಂಜಿನ್ ಬದಲಾವಣೆ ತೋರಿಸಲು ಇದು ಚೆನ್ನ, ಆದರೆ ಹುಷಾರು: ವಿಮಾನ ಮಗುಚಿದರೆ ಎರಡೂ ರೆಕ್ಕೆಗಳ ಕೆಳಗೆ ಒಂದೇ ಗಾತ್ರದ ರೇಡಿಯೇಟರ್ ಇರಬೇಕು. ಮಾರ್ಕ್ 5ಕ್ಕೆ ಬಲಗಡೆ ದೊಡ್ಡದು, ಎಡಗಡೆ ಸಣ್ಣ ಆಯಿಲ್ ಕೂಲರ್. ತಿಳಿದ ತೀರ್ಪುಗಾರರು ಮೊದಲು ಅಲ್ಲೇ ನೋಡುತ್ತಾರೆ.

ಮೂರನೆಯದು ಸ್ವಲ್ಪ ಚೇಷ್ಟೆಯದು. 1944ರ ಏಪ್ರಿಲ್‌ನಲ್ಲಿ ಈ ಸ್ಕ್ವಾಡ್ರನ್ ಸ್ಪಿಟ್‌ಫೈರ್ ಬಿಟ್ಟು ಮಸ್ಟಾಂಗ್ 3 ತೆಗೆದುಕೊಂಡಿತು, ಅದರಲ್ಲೇ ಜರ್ಮನ್ನರ ವಿ-1 ಹಾರುವ ಬಾಂಬುಗಳನ್ನು ಬೆನ್ನಟ್ಟಿತು. ಅಮೆರಿಕದ ಮೈ, ಅಲ್ಲಿನ ಪ್ಯಾಕಾರ್ಡ್ ಕಂಪನಿ ಕಟ್ಟಿದ ಮೆರ್ಲಿನ್. ಹಳೆಯ ಆಲಿಸನ್ ಎಂಜಿನ್ನಿನಲ್ಲಿ ಎತ್ತರಕ್ಕೆ ಹೋದರೆ ಸುಸ್ತಾಗುತ್ತಿದ್ದ ಮಸ್ಟಾಂಗ್‌ಗೆ ಮೆರ್ಲಿನ್ ಹಾಕಿ 1942ರ ಅಕ್ಟೋಬರ್‌ನಲ್ಲಿ ಹಾರಿಸಿದಾಗ ಅದು ಬೇರೆಯೇ ವಿಮಾನವಾಗಿತ್ತು. ಪೆಟ್ರೋಲ್ ಹೊರುವ ಜಾಗವೂ ಅದರಲ್ಲಿ ಇತ್ತು. ಆದರೂ ಗನ್ನಿನ ಪಾಠ ಅಲ್ಲೂ ತಪ್ಪಲಿಲ್ಲ. ತೆಳು ರೆಕ್ಕೆಗೆ ಹಿಡಿಸಲು ನಾಲ್ಕು ಗನ್ನನ್ನು ಓರೆಯಾಗಿ ಮಲಗಿಸಿದ್ದರು, ಜೋರು ತಿರುವಿನಲ್ಲಿ ಬೆಲ್ಟ್ ಸಿಕ್ಕಿಕೊಳ್ಳುತ್ತಿತ್ತು. ಮುಂದಿನ ಮಾದರಿಯಲ್ಲಿ ನೆಟ್ಟಗೆ ನಿಲ್ಲಿಸಿದರು. 19ನೇ ಸ್ಕ್ವಾಡ್ರನ್ನಿನವರನ್ನು ಯಾರಾದರೂ ಮೊದಲೇ ಕೇಳಬೇಕಿತ್ತು.

ಯಾವುದನ್ನೇ ಮಾಡಿ, ಪಕ್ಕೆಯಲ್ಲಿ ಡಿ, ವಿ ಎರಡು ಇಂಗ್ಲಿಷ್ ಅಕ್ಷರ ಬರೆಯಿರಿ, ಅದು ಆ ಸ್ಕ್ವಾಡ್ರನ್ನಿನ ಗುರುತು. ಗಂಡಭೇರುಂಡವನ್ನು ರೆಕ್ಕೆ ಮೇಲೆ ದೊಡ್ಡದಾಗಿ ಬಿಡಿಸಬೇಡಿ, ಕೆಳಗಿನ ಮರದ ಪೀಠದ ಮೇಲೆ ಇಡಿ. ಮಾರ್ಕ್ 5ಬಿ ಮಾಡುವುದಾದರೆ ಮಷಿನ್ ಗನ್ ತೂತುಗಳಿಗೆ ಕೆಂಪು ಬಟ್ಟೆ ತುಂಡಿನ ಬಣ್ಣ ಹಚ್ಚುವುದು ಮರೆಯಬೇಡಿ. ಎತ್ತರದಲ್ಲಿ ಗನ್ ಹೆಪ್ಪುಗಟ್ಟದಿರಲಿ ಅಂತ ಅಂಟಿಸುತ್ತಿದ್ದರು, ಮೊದಲ ಗುಂಡೇ ಅದನ್ನು ಹರಿದುಕೊಂಡು ಹೋಗುತ್ತಿತ್ತು.